ಲಾಭ

ಕಾಲುಂಗುರ ಬಿಚ್ಚಿ ಗಾಜ್ ಬಟ್ಟೆಯಲ್ಲಿ ಸುತ್ತಿ
ನಾದಿನಿ ದಾಕ್ಷಾಯಿಣಿ ಕೈಗೆ ಕೊಟ್ಟರಂತೆ.
ಅಂತೆ ಅಂತಲೇ ಹೇಳಬೇಕು.
ಆ ಎರಡು ತಿಂಗಳಲ್ಲಿ
ನಾನೇ ಕಂಡೆ ಅನ್ನುವಂಥದ್ದು ಕಡಿಮೆ.

ಶುರುವಾದದ್ದು ವೇಬ್ರಿಜ್ ಕಿಟಕಿಯಲ್ಲಂತೆ.
ಹಾಸನದ ಆಲೂಗಡ್ಡೆ ಸುಗ್ಗಿ,
ಮಂಡಿ ಗೇಟು ದಾಟಿ ರಸ್ತೆವರೆಗೆ ಲಾರಿ ಸಾಲು.
ಚೀಟಿ ಮೇಲೆ ಒಂಬತ್ತು ಟನ್ ಅಂತ ಬರೆದೆನಂತೆ,
ಮುಂದಿನ ಕಿಲೋ ಬರೆಯುವ ಮೊದಲು
ಪೆನ್ನು ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.
ಹಾರನ್ ಹೊಡೆದರು, ಬೈದರು,
ಹಮಾಲಿ ಸಣ್ಣಸ್ವಾಮಿ ಮುಖಕ್ಕೆ ನೀರು ಚಿಮುಕಿಸಿದ.
ನೀರು ಗಲ್ಲದಿಂದ ಚೀಟಿ ಪುಸ್ತಕಕ್ಕೆ ತೊಟ್ಟಿಕ್ಕಿತು,
ನಾನು ಒರೆಸಿಕೊಳ್ಳಲಿಲ್ಲ.

ಅದಕ್ಕೂ ಹಿಂದಿನದು ನನಗೇ ಗೊತ್ತು.
ಸರಕೆಲ್ಲ ಇಳಿಸಿದ ಮೇಲೂ ಲಾರಿ ತೂಗುತ್ತದಲ್ಲ,
ಆ ತೂಕ.
ಏಳಲು ಆಗದ ಬೆಳಗುಗಳು,
ಬಾಚಣಿಗೆ ಎತ್ತಿ ತಲೆವರೆಗೆ ತರುವಷ್ಟು ದೂರ.

ಕರೆಂಟ್ ಕೊಡುತ್ತೇವೆ ಅಂದಾಗ
ಮನೆಯವರು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತುಬಿಟ್ಟರು.
ಅವರು ನೋಡಿದ್ದು ಸಿನಿಮಾದಲ್ಲಿ:
ಕಟ್ಟಿಹಾಕಿದ ಕೈ, ಕಿರುಚು, ಹೊಗೆ.
ಸಹಿ ಹಾಕಿದವಳು ದಾಕ್ಷಾಯಿಣಿ.
"ಹತ್ತೊಂಬತ್ತು ದಿನ ಆಯ್ತು ಅಣ್ಣ, ಒಂದು ಮಾತಿಲ್ಲ,
ನೀರನ್ನೂ ನಾನೇ ಬಾಯಿಗೆ ಬಿಡ್ತಿದೀನಿ."

ಮೊದಲ ಎರಡು ಸಲ ನಾನು ಅಲ್ಲಿರಲಿಲ್ಲ.
ಮೂರನೇ ಸಲ, ಸೂಜಿ ಹಿಡಿದ ಎಳೆ ಡಾಕ್ಟರು
"ಒಂದರಿಂದ ಎಣಿಸಿ ಅಕ್ಕ" ಅಂದರು.
ಗಂಟಲೊಳಗೆ ಏನೋ ಜರುಗಿತು.
"ಲಾಭ," ಅಂದೆ.

"ಏನು ಲಾಭ? ಯಾವ ಲಾಭ?"
ಅವರು ಗಾಬರಿಯಿಂದ ಕಾಗದದ ಮೇಲೆ ಗೀಚತೊಡಗಿದರು.
ಸಕಲೇಶಪುರದ ಕಡೆಯ ಸಿಸ್ಟರ್ ಫ್ಲೇವಿಯಾ ನಕ್ಕುಬಿಟ್ಟರು.
"ಅಳೆಯೋರು ಒಂದು ಅನ್ನಲ್ಲ ಸಾರ್,
ಲಾಭ, ಎರಡು, ಮೂರು.
ಈಯಮ್ಮ ವಾಪಸ್ ಬಂದ್ರು, ಬರ್ಕೊಳಿ."

ನಾಲ್ಕರ ಆಚೆ ನಾನು ಎಂದೂ ಹೋಗಲಿಲ್ಲ.

ಆಮೇಲೆ ಕೇಳಿ ತಿಳಿದದ್ದು:
ಬಲಗಾಲ ಹರಡಿಗೆ ಪಟ್ಟಿ ಬಿಗಿಯುತ್ತಾರೆ,
ಮೈ ಸಡಿಲಿಸುವ ಮದ್ದು ಅಲ್ಲಿಗೆ ಇಳಿಯದ ಹಾಗೆ.
ಮೈಯೆಲ್ಲ ಸುಮ್ಮನೆ ಮಲಗಿರುತ್ತದೆ,
ಪಾದ ಒಂದೇ ಅದುರುತ್ತದೆ.
ಅದನ್ನೇ ನೋಡುತ್ತ ಗಡಿಯಾರ ಹಿಡಿಯುತ್ತಾರೆ ಫ್ಲೇವಿಯಾ.
"ಮೂವತ್ತೆಂಟು ಸೆಕೆಂಡು. ಚೆನ್ನಾಗಿತ್ತು ಕಣಮ್ಮ,"
ಅಡುಗೆ ಹದವಾಗಿತ್ತು ಅನ್ನುವ ಹಾಗೆ.
ನನ್ನ ಬದುಕಿನ ಆ ಮೂವತ್ತೆಂಟು ಸೆಕೆಂಡು
ಅವರ ಹತ್ತಿರ ಇದೆ.

ಎಂಟು ಸಲ ಆಯಿತು. ಕೊನೆಯ ನಾಲ್ಕಕ್ಕೆ ಸಹಿ ನನ್ನದೇ,
ಸೊಟ್ಟಗೆ.
ದವಡೆ ನೋವು, ತಲೆಭಾರ,
ರಾತ್ರಿಯಿಂದ ಉಪವಾಸವಿದ್ದ ಹೊಟ್ಟೆಗೆ ಕ್ಯಾಂಟೀನಿನ ಇಡ್ಲಿ.
ಹಸಿವು! ಎಷ್ಟು ತಿಂಗಳ ಮೇಲೆ.
ಇನ್ನೆರಡು ತರಿಸಿಕೊಂಡೆ.

ಬೀದಿಯವರು ಮಾತಾಡಿಸಲು ಬಂದು
ಕಣತಲೆ ನೋಡಿ ಹೋದರು, ಸುಟ್ಟ ಗುರುತಿದೆಯೇ ಅಂತ.
ಪಕ್ಕದ ಮನೆ ತೌಫೀಕ, ಏಳು ವರ್ಷ,
ಅಪ್ಪನ ಟೆಸ್ಟರ್ ಕದ್ದು ತಂದು
ನನ್ನ ಮೊಣಕೈಗೆ ಮುಟ್ಟಿಸಿದ.
ಇಬ್ಬರೂ ಉಸಿರು ಹಿಡಿದು ನೋಡಿದೆವು.
ಹತ್ತಲಿಲ್ಲ.
ಪಾಪ, ಅವನಿಗೆ ಬೇಜಾರಾಯಿತು.

ಹೋದದ್ದೂ ಇದೆ. ಇಲ್ಲ ಅನ್ನಲಾರೆ.
ದಾಕ್ಷಾಯಿಣಿ ಮಗಳ ನಾಮಕರಣಕ್ಕೆ ಹೋಗಿದ್ದೆನಂತೆ,
ಫೋಟೋದಲ್ಲಿ ತೊಟ್ಟಿಲು ಹಿಡಿದು ನಿಂತಿರುವವಳು
ನನ್ನ ಸೀರೆ ಉಟ್ಟ ಯಾರೋ.
ಮಗುವಿನ ಹೆಸರು ಮೂರು ಸಲ ಕೇಳಿದೆ.
ಮೂರು ಸಲವೂ ಮೊದಲ ಸಲದಂತೆ ಹೇಳಿದಳು.
ಬರುತ್ತೆ, ಕೆಲವು ಬಾರದೆಯೂ ಇರಬಹುದು ಅಂದರು ಡಾಕ್ಟರು,
ಮುಚ್ಚಿಡದೆ. ಅದು ಹಿಡಿಸಿತು ನನಗೆ.
ಸಿಟ್ಟೂ ಬಂತು.

ಈಗ ಮತ್ತೆ ಕಿಟಕಿಯಲ್ಲಿ ಕೂತಿದ್ದೇನೆ.
ಕಾಲುಂಗುರ ಪೆನ್ನಿನ ಡಬ್ಬಿಯಲ್ಲಿದೆ, ಗಾಜ್ ಬಟ್ಟೆ ಸಮೇತ.
ಅರಕಲಗೂಡಿನ ಲಾರಿ ಹಲಗೆ ಹತ್ತುವಾಗ ನೆಲ ಅದುರುತ್ತದೆ,
ಮುಳ್ಳು ನಿಲ್ಲುವವರೆಗೆ ಕಾಯುತ್ತೇನೆ, ಬರೆಯುತ್ತೇನೆ:
ಟನ್ನು, ಕಿಲೋ, ಎರಡೂ.

ಹಳೆಯ ಪುಸ್ತಕದಲ್ಲಿ ಆ ಚೀಟಿ ಹಾಗೇ ಇದೆ.
ಒಂಬತ್ತು ಟನ್,
ಮುಂದೆ ನೀರು ಬಿದ್ದು ಉಬ್ಬಿದ ಕಾಗದ.
ಆ ಲಾರಿ ನಿಜಕ್ಕೂ ಎಷ್ಟು ತೂಗಿತು ಅಂತ
ಸಣ್ಣಸ್ವಾಮಿಯನ್ನು ಕೇಳಿದೆ.
"ಅವತ್ತು ಯಾರ್ ನೋಡಿದ್ರು ಕಣಕ್ಕ,
ನಿಮ್ಮನ್ನೇ ಎತ್ತುತಾ ಇದ್ವಿ."